ಹತ್ತು ನಿಮಿಷ ಒತ್ತಿ ಹಿಡಿಯುವ ಕೈ

ಅವತ್ತು ನಮ್ಮ ಹುಡುಗನನ್ನು ಸಾಲಿಯ ಹೊರಗೆ ನಿಲ್ಲಿಸಿದ್ದರು. ಐದನೇ ಇಯತ್ತೆಯ ಮಕ್ಕಳಿಗೆಲ್ಲ ಟಿಡಿ ಸೂಜಿ ಮಾಡುವ ದಿನ ಅದು. ಧನುರ್ವಾಯು, ಗಂಟಲಮಾರಿ ಬರದಂತೆ 10ನೇ ವಯಸ್ಸಿಗೊಮ್ಮೆ, 16ನೇ ವಯಸ್ಸಿಗೊಮ್ಮೆ ಸರ್ಕಾರ ಹಾಕಿಸುವ ಲಸಿಕೆ. ನರ್ಸಬಾಯಿ ಹೆಸರು ಕೂಗುತ್ತ ಬಂದವರು ನಮ್ಮ ಹುಡುಗನ ಹೆಸರು ಬಂದಾಗ ನಿಂತರು.

"ಇವಗ ರಕ್ತ ನಿಲ್ಲಂಗಿಲ್ಲಲಾ? ಬ್ಯಾಡ್ರಿ ಸರ್, ಏನರ ಆದ್ರ ನಮ್ಮ ತಲಿಗಿ ಬರ್ತದ. ಹೊರಗ ಕಳಸ್ರಿ."

ಮಾಸ್ತರ್ರು ಕಳಿಸಿದರು. ಉಳಿದ ಮಕ್ಕಳು ಒಬ್ಬೊಬ್ಬರೇ ತೋಳು ಚಾಚಿ, ಕಣ್ಣು ಮುಚ್ಚಿ, ಅತ್ತು, ನಕ್ಕು, ಸೂಜಿ ಮಾಡಿಸಿಕೊಂಡರು. ಇವನು ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಿದ್ದ. ಸಂಜೀಕ ಮನೀಗಿ ಬಂದು ಕೇಳಿದ:

"ಮಾಮಾ, ಎಲ್ಲಾರೂ ಒಳಗ ಇದ್ರು. ನಾ ಒಬ್ಬನೇ ಯಾಕ ಹೊರಗ?"

ಗೆಳೆಯರೆ, ಈ ಪ್ರಶ್ನೆ ನಮ್ಮ ಮನೆಗೆ ಹೊಸದಲ್ಲ. ನಮ್ಮ ಮುತ್ಯಾ ನಿಜಾಮನ ಕಾಲದಲ್ಲಿ ಸಾಲಿಯ ಕಿಟಕಿ ಕೆಳಗೆ, ಬಿಸಿಲಲ್ಲಿ ಕೂತು ಅಕ್ಷರ ಕೇಳಿಸಿಕೊಂಡವನು. ಅವನು ಯಾಕೆ ಹೊರಗೆ ಕೂತ ಅನ್ನುವುದಕ್ಕೆ ಉತ್ತರ ನಮಗೆ ಗೊತ್ತು. ಅದನ್ನು ಬಾಬಾಸಾಹೇಬರು ಕಲಿಸಿದ್ದಾರೆ. ಆದರೆ ಈ ಹುಡುಗನಿಗೆ ಏನು ಹೇಳುವುದು? ಜಾತಿಗಾಗಿ ನಿಲ್ಲಿಸಿದರು ಅಂದರೆ ಸುಳ್ಳಾಗುತ್ತದೆ. ಅವನ ಸಂಗಡ ನಮ್ಮ ಕೇರಿಯ ಉಳಿದ ಮಕ್ಕಳೆಲ್ಲ ಒಳಗೇ ಇದ್ದರು. ಜಾತಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂದರೆ ಅದೂ ಪೂರಾ ಖರೇ ಅಲ್ಲ. ಈ ನಡುವಿನ ಸತ್ಯವನ್ನು ಹುಡುಕಲು ನಮಗೆ ಹತ್ತು ವರ್ಷ ಹಿಡಿಯಿತು. ಸಾಲಿ ಮಾಸ್ತರರು, ಹಾಸ್ಟೆಲಿನ ಹುಡುಗರು, ಸಂಘಟನೆಯ ಸಂಗಾತಿಗಳು ಓದುವ ಪತ್ರಿಕೆ ಇದು ಅಂತ ಇಲ್ಲಿ ಬರೆಯುತ್ತಿದ್ದೇವೆ.

ನಾವು ಕಮಲನಗರದ ಕಡೆಯವರು. ಮೊದಲು ಔರಾದ ತಾಲೂಕಿನೊಳಗಿದ್ದ ಊರು, ಈಗ ತಾನೇ ಒಂದು ತಾಲೂಕು. ಬೀದರಿನಿಂದ ಪರಳಿಗೆ ಹೋಗುವ ರೈಲು ಇಲ್ಲಿ ನಿಂತು ಹೋಗುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಮುದುಕರ ಹಳೇ ಕಾಗದಗಳಲ್ಲಿ ಉರ್ದು. ಜಿಲ್ಲಾ ಕೇಂದ್ರ ಬೀದರಿಗಿಂತ ಮಹಾರಾಷ್ಟ್ರದ ಉದಗೀರ ನಮಗೆ ಹತ್ರ. ಅದಕ್ಕೇ ಜ್ವರ ಬಂದರೆ ಜನ ಗಡಿ ದಾಟುತ್ತಾರೆ. ಒಂದು ರಾಜ್ಯದ ಚೀಟಿ ಇನ್ನೊಂದು ರಾಜ್ಯದ ಕಿಟಕಿಯಲ್ಲಿ ನಡೆಯುವುದಿಲ್ಲ. ಮರಾಠಿಯಲ್ಲಿ ಬರೆದದ್ದನ್ನು ಇಲ್ಲಿ ಓದುವವರಿಲ್ಲ, ಕನ್ನಡದಲ್ಲಿ ಬರೆದದ್ದನ್ನು ಅಲ್ಲಿ ಓದುವವರಿಲ್ಲ. ನಮ್ಮ ಅಕ್ಕನ ಮಗನ ಕತೆ ಈ ಎರಡು ಕಿಟಕಿಗಳ ನಡುವೆ ನಡೆದದ್ದು.

ಅವನು ಹುಟ್ಟಿದ್ದು 2014ರಲ್ಲಿ. ಹುಟ್ಟಿದ ದಿನ ಮಾಡಿದ ಸೂಜಿಯ ಜಾಗದಲ್ಲಿ ಸಣ್ಣ ನೀಲಿ ಕಲೆ ಬಿದ್ದಿತ್ತು. ಯಾರೂ ನೋಡಲಿಲ್ಲ. ಆರು ವಾರಕ್ಕೆ ಅಂಗನವಾಡಿಯಲ್ಲಿ ತೊಡೆಗೆ ಸೂಜಿ ಮಾಡಿಸಿಕೊಂಡು ಬಂದರು. ರಾತ್ರಿಗೆ ತೊಡೆ ಬದನೀಕಾಯಿ ಹಂಗ ಊದಿತು, ಬಣ್ಣವೂ ಬದನೀಕಾಯಿಯದೇ. ಕೂಸು ಚೀರೀ ಚೀರೀ ದನಿ ಬಿದ್ದು ಹೋಯಿತು. ನಮ್ಮ ಆಯಿ ಬೇವಿನ ತೊಪ್ಪಲು ಕಟ್ಟಿದಳು, ದೇವಿ ಸಿಟ್ಟಾಗ್ಯಾಳ ಅಂದಳು. ಮೂರನೇ ದಿನ ಒಂದು ಖಾಸಗಿ ದವಾಖಾನಿಗೆ ಒಯ್ದೆವು. ಕೀವು ತುಂಬ್ಯಾದ ಅಂತ ಅಲ್ಲಿ ಬ್ಲೇಡು ಹಾಕಿದರು. ಕೀವು ಬರಲಿಲ್ಲ, ರಕ್ತ ಬಂತು. ಎರಡು ದಿನ ಬಂತು. ಆರು ವಾರದ ಕೂಸಿನ ಮೈಯಲ್ಲಿ ಇರುವ ರಕ್ತವಾದರೂ ಎಷ್ಟು? ಹೈದರಾಬಾದಿಗೆ ಒಯ್ಯುವಾಗ ನಮ್ಮ ಅಕ್ಕ ರೈಲಿನ ಉದ್ದಕ್ಕೂ ತನ್ನ ಸೆರಗಿನಿಂದ ಆ ಗಾಯ ಒತ್ತಿ ಹಿಡಿದು ಕೂತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಕೈ ತೆಗೆದರೆ ಹರಿಯುತ್ತದೆ, ಇಟ್ಟರೆ ಕಮ್ಮಿಯಾಗುತ್ತದೆ ಅಂತ ಅವಳಿಗೆ ಕಂಡಿತ್ತು. ಈ ಮಾತಿಗೆ ಮುಂದೆ ಬರುತ್ತೇವೆ.

ಅಲ್ಲಿ ಪರೀಕ್ಷೆ ಮಾಡಿ ಹೇಳಿದರು: ಹಿಮೋಫಿಲಿಯಾ ಎ, ತೀವ್ರ ಬಗೆಯದು.

ಹೀಗಂದರೇನು ಅಂತ ತಿಳಿಯಲು ನಮಗೆ ಇನ್ನೂ ಕೆಲವು ವರ್ಷ ಬೇಕಾದವು. ರಕ್ತ ಹೆಪ್ಪುಗಟ್ಟಲು ಅದರೊಳಗೆ ಹಲವು ಅಂಶಗಳಿರುತ್ತವೆ. ಡಾಕ್ಟರರು ಅವಕ್ಕೆ ಸಂಖ್ಯೆ ಹಾಕಿ ಕರೆಯುತ್ತಾರೆ, ಫ್ಯಾಕ್ಟರ್ ಅನ್ನುತ್ತಾರೆ. 8ನೆಯದು ಕಮ್ಮಿಯಾದರೆ ಹಿಮೋಫಿಲಿಯಾ ಎ, 9ನೆಯದು ಕಮ್ಮಿಯಾದರೆ ಹಿಮೋಫಿಲಿಯಾ ಬಿ. ಸಾಮಾನ್ಯರಲ್ಲಿ ಇರಬೇಕಾದ್ದರ ನೂರಕ್ಕೆ ಒಂದು ಪಾಲೂ ಇಲ್ಲದಿದ್ದರೆ ತೀವ್ರ, 1ರಿಂದ 5 ಇದ್ದರೆ ಮಧ್ಯಮ, ಅದಕ್ಕೂ ಮೇಲೆ 40ರ ತನಕ ಸೌಮ್ಯ. ಜನ ತಿಳಿದ ಹಾಗೆ ಇವರ ರಕ್ತ ರಭಸದಿಂದ ಹರಿಯುವುದಿಲ್ಲ. ನಿಲ್ಲಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟೇ. ತೊಗಲಿನ ಮೇಲಿನ ಸಣ್ಣ ಗೀರು ಇವರಲ್ಲೂ ನಿಲ್ಲುತ್ತದೆ. ಅಪಾಯ ಇರುವುದು ಒಳಗೆ, ಮೊಣಕಾಲಿನ ಕೀಲಿನಲ್ಲಿ, ತೊಡೆಯ ಮಾಂಸಖಂಡದಲ್ಲಿ, ತಲೆಯೊಳಗೆ. ಹೊರಗೆ ಒಂದು ಹನಿ ಕಾಣದಂತೆ ಒಳಗೇ ತುಂಬಿಕೊಳ್ಳುತ್ತದೆ. ಮಾಂಸಖಂಡಕ್ಕೆ ಚುಚ್ಚುವ ಸೂಜಿ ಇವರಿಗೆ ಸಮಸ್ಯೆಯಾಗುವುದು ಇದೇ ಕಾರಣಕ್ಕೆ. ಲಸಿಕೆಯ ಔಷಧಿಯಲ್ಲಿ ದೋಷವಿಲ್ಲ. ಅದು ಇವರಿಗೂ ಉಳಿದ ಮಕ್ಕಳಿಗೆ ಮಾಡುವಷ್ಟೇ ಒಳ್ಳೆಯದು ಮಾಡುತ್ತದೆ. ಎಚ್ಚರ ಬೇಕಾಗಿರುವುದು ಸೂಜಿ ಹೋದ ದಾರಿಗೆ ಮಾತ್ರ.

ಈ ವ್ಯತ್ಯಾಸ ಅವತ್ತು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದು ಬೇರೆ.

ಅಕ್ಕನ ಅತ್ತೆಮನೆಯವರು ಹೇಳಿದರು: "ನಿಮ್ಮ ರಕ್ತಾನೇ ಖರಾಬ ಅದ. ಹೆತ್ತಾಕಿದೇ ದೋಷ." ಅಕ್ಕ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಈ ರೋಗ ತಾಯಿಯಿಂದ ಗಂಡು ಮಕ್ಕಳಿಗೆ ಬರುವುದು ಹೌದು. ಹೆಣ್ಣಿಗೆ ಎಕ್ಸ್ ಎಂಬ ವರ್ಣತಂತು ಎರಡಿರುತ್ತವೆ, ಒಂದರಲ್ಲಿ ಕೊರತೆ ಇದ್ದರೆ ಇನ್ನೊಂದು ಸಾಮಾನ್ಯವಾಗಿ ಆಧಾರವಾಗುತ್ತದೆ. ಗಂಡಿಗೆ ಇರುವುದು ಒಂದೇ, ಆಧಾರವಿಲ್ಲ. ಇದು ದೋಷವಲ್ಲ, ಲೆಕ್ಕ. ಮತ್ತೆ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಮನೆತನದಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೇ ಬರುತ್ತದೆ. ನಮ್ಮ ಮನೆಯಲ್ಲೂ ಹಿಂದೆ ಯಾರಿಗೂ ಇರಲಿಲ್ಲ. ಆದರೆ ಲೆಕ್ಕ ಕೇಳುವ ವ್ಯವಧಾನ ಯಾರಿಗಿತ್ತು? ಹೆಣ್ಣಿನ ಮೇಲೆ ಹಾಕಲು ಒಂದು ಹೆಸರು ಸಿಕ್ಕಿತ್ತು.

ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ವಂಶದಲ್ಲೂ ಈ ರೋಗವಿತ್ತು. ಅವಳ ಮೊಮ್ಮಗಳ ಮಗ, ರಷ್ಯಾದ ಜಾರ್ ದೊರೆಯ ಮಗ ಅಲೆಕ್ಸಿಗೂ ಇತ್ತು. ಅದಕ್ಕೇ ಪುಸ್ತಕಗಳಲ್ಲಿ ಇದನ್ನು ರಾಜರ ರೋಗ ಅಂತ ಬರೆದರು. ರಾಜಕುಮಾರನ ರಕ್ತ ಸೋರಿದರೆ ಚರಿತ್ರೆ, ಕೂಲಿಯವಳ ಮಗನ ರಕ್ತ ಸೋರಿದರೆ ಶಾಪ! ಖರೇ ಹೇಳಬೇಕೆಂದರೆ ಈ ರೋಗಕ್ಕೆ ರಾಜನೂ ಗೊತ್ತಿಲ್ಲ, ಕೇರಿಯೂ ಗೊತ್ತಿಲ್ಲ. ಹುಟ್ಟುವ ಗಂಡು ಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬನಿಗೆ ಹಿಮೋಫಿಲಿಯಾ ಎ ಇರುತ್ತದೆ, ಯಾವ ಜಾತಿಯೇ ಆಗಲಿ, ಯಾವ ದೇಶವೇ ಆಗಲಿ. ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿದ್ದಕ್ಕೆ, ಜಾತಿಯ ರಕ್ತ ಕೂಡಿತೆಂದು ಅವರ ತಂದೆಯರನ್ನು ಎಳೆಸಿ ಕೊಂದರೆಂಬ ಕತೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ರಕ್ತದಲ್ಲಿ ಮೇಲು ಕೀಳು ಹುಡುಕಿದ ನಾಡಿದು. ರಕ್ತದಲ್ಲಿ ನಿಜವಾಗಿ ಏನಿದೆ, ಏನಿಲ್ಲ ಅಂತ ನೋಡುವ ಯಂತ್ರ ಮಾತ್ರ ನಮ್ಮ ತಾಲೂಕಿಗೆ ಬರಲಿಲ್ಲ.

ಇಷ್ಟರ ತನಕ ಬೇರೆಯವರ ತಪ್ಪು ಹೇಳಿದೆವು. ಈಗ ನಮ್ಮದು ಹೇಳುತ್ತೇವೆ.

ಹೈದರಾಬಾದಿನಿಂದ ಬಂದ ಮೇಲೆ ನಮ್ಮ ಆಯಿ ಕೂಸಿನ ಮೇಲೆ ಕೈ ಇಟ್ಟು ಆಣೆ ಮಾಡಿಸಿದಳು: "ಇನ್ನ ಮ್ಯಾಲ ಈ ಕೂಸಿಗಿ ಸೂಜಿ ಅನ್ನೂದು ಬ್ಯಾಡ." ನಾವು ಓದಿದವರು, ಭಾಷಣ ಮಾಡಿದವರು, ಪೋಲಿಯೋ ಹನಿಯ ದಿನ ಕೇರಿಯ ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತಂದವರು. ನಾವೂ ಸುಮ್ಮನಾದೆವು. ಹನಿ ಹಾಕಿಸಿದೆವು, ಸೂಜಿ ಬಿಟ್ಟೆವು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದ ತನಕ ಎಲ್ಲ ಮಕ್ಕಳಿಗೂ. ಆಶಾ ಅಕ್ಕ ಮನೆಗೆ ಬಂದು ಕೇಳಿದರು. "ಇವಗ ಬ್ಯಾಡ" ಅಂತ ನಾವೇ ಹೇಳಿ ಕಳಿಸಿದೆವು. ಅವರೂ ಹೂಂ ಅಂದರು, ಎದೆಯ ಭಾರ ಇಳಿದವರ ಹಾಗೆ.

ಮರುವರ್ಷ ಹುಡುಗನಿಗೆ ದಡಾರ ಎದ್ದಿತು. ನಮ್ಮ ಕಡೆ ಗೊಬ್ಬರ ಅನ್ನುತ್ತಾರೆ. ಹನ್ನೆರಡು ದಿನ ಜ್ವರ, ಎದೆ ಕಟ್ಟಿ ಕೆಮ್ಮು. ಕೆಮ್ಮಿದಾಗಲೆಲ್ಲ ಮೂಗಿನಿಂದ ರಕ್ತ. ಅವನು ಉಳಿದ. ಆಮೇಲೆ ನಮಗೆ ತಿಳಿದದ್ದೇನು ಗೊತ್ತೇನು? ದಡಾರದ ಲಸಿಕೆ ಮಾಂಸಖಂಡಕ್ಕೆ ಹಾಕುವುದೇ ಅಲ್ಲ. ಅದು ಚರ್ಮದ ಕೆಳಗೆ ಹಾಕುವುದು. ಹಿಮೋಫಿಲಿಯಾ ಇರುವವರಿಗೆ ಆದಷ್ಟು ಚರ್ಮದ ಕೆಳಗೇ ಹಾಕಿ ಅಂತ ತಿಳಿದವರು ಹೇಳುತ್ತಾರೆ. ಅಂದರೆ ನಾವು ಬೇಡ ಅಂದದ್ದು ಅವನಿಗೆ ಅತಿ ಕಮ್ಮಿ ಅಪಾಯದ ಸೂಜಿಯನ್ನು. ಹೆದರಿ ಕಾಪಾಡುತ್ತೇವೆ ಅಂತ ತಿಳಿದು ಅವನನ್ನು ರೋಗದ ಬಾಯಿಗೆ ಕೊಟ್ಟವರು ನಾವೇ.

ಮಾಸ್ತರರೆ, ಇದನ್ನು ಒಮ್ಮೆ ಬಿಡಿಸಿ ನೋಡೋಣ. ಮಕ್ಕಳ ಲಸಿಕೆ ಎಲ್ಲವೂ ಒಂದೇ ಬಗೆಯಲ್ಲ. ಪೋಲಿಯೋದ ಎರಡು ಹನಿ, ರೋಟಾ ವೈರಸ್ಸಿನ ಹನಿ ಬಾಯಿಗೆ ಹಾಕುವವು, ಇವಕ್ಕೆ ಸೂಜಿಯೇ ಇಲ್ಲ. ಹುಟ್ಟಿದಾಗ ಎಡಗೈಗೆ ಹಾಕುವ ಬಿಸಿಜಿ ಚರ್ಮದ ಪದರದೊಳಗೆ ಹೋಗುವುದು. ಪೋಲಿಯೋದ ಸೂಜಿಯನ್ನೂ ನಮ್ಮ ದೇಶದ ಕಾರ್ಯಕ್ರಮದಲ್ಲಿ ಚರ್ಮದೊಳಗೇ ಸ್ವಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ದಡಾರ-ರುಬೆಲ್ಲಾ ಚರ್ಮದ ಕೆಳಗೆ. ಮಾಂಸಖಂಡಕ್ಕೆ ಹೋಗುವವು ಹುಟ್ಟಿದ ದಿನದ ಹೆಪಟೈಟಿಸ್ ಬಿ, 6, 10, 14 ವಾರಕ್ಕೆ ತೊಡೆಗೆ ಹಾಕುವ ಪೆಂಟಾವೇಲೆಂಟ್, ಆಮೇಲಿನ ಡಿಪಿಟಿ, ಸಾಲಿಯ ಟಿಡಿ. ಎಚ್ಚರ ಬೇಕಾದದ್ದು ಮುಖ್ಯವಾಗಿ ಇವಕ್ಕೆ. ಬಿಡಬೇಕಾದದ್ದು ಯಾವುದೂ ಇಲ್ಲ. ಹೆಪಟೈಟಿಸ್ ಬಿ ಲಸಿಕೆಯಂತೂ ಉಳಿದವರಿಗಿಂತ ಇವರಿಗೇ ಹೆಚ್ಚು ಬೇಕು. ಇವರು ಜೀವಮಾನವೆಲ್ಲ ಬೇರೆಯವರ ರಕ್ತದಿಂದ ತೆಗೆದ ಔಷಧಿಯ ಮೇಲೆ ಬದುಕಬೇಕಾಗಿ ಬರಬಹುದು. ಆ ದಾರಿಯಲ್ಲಿ ರೋಗ ಬಂದದ್ದೂ ಉಂಟು. ಹಿಮೋಫಿಲಿಯಾ ಬಿ ರೋಗವನ್ನು 1952ರಲ್ಲಿ ಮೊದಲು ಬೇರೆಯಾಗಿ ಗುರುತಿಸಿದ್ದು ಸ್ಟೀಫನ್ ಕ್ರಿಸ್ಮಸ್ ಎಂಬ ಹುಡುಗನಲ್ಲಿ. ಅವನ ಹೆಸರನ್ನೇ ರೋಗಕ್ಕೆ ಇಟ್ಟರು. ಅವನು 1993ರಲ್ಲಿ ತೀರಿಕೊಂಡದ್ದು ರಕ್ತದ ಮೂಲಕ ಬಂದ ಏಡ್ಸಿನಿಂದ. 1970, 80ರ ದಶಕಗಳಲ್ಲಿ ಸರಿಯಾಗಿ ಶುದ್ಧ ಮಾಡದ ರಕ್ತದ ಔಷಧಿಯಿಂದ ಬ್ರಿಟನ್ನಿನಂಥ ಶ್ರೀಮಂತ ದೇಶದಲ್ಲೇ ಸಾವಿರಾರು ಜನ ಹೀಗೆ ಬಲಿಯಾದರು. ಅದರ ವಿಚಾರಣಾ ವರದಿ ಬಂದದ್ದು 2024ರಲ್ಲಿ.

ಇನ್ನು ಕೊರೋನಾದ ಮಾತು. 2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾಯಿತು. ಅದರ ಮುಂಚೆ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಕಳಿಸಿದ ಸೂಚನೆಯಲ್ಲಿ, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಎಚ್ಚರಿಕೆಯಿಂದ ಕೊಡಿ ಅಂತಿತ್ತು. ಅದೇ ತಿಂಗಳು ಬಂದ ಕೋವ್ಯಾಕ್ಸಿನ್ ಮಾಹಿತಿ ಪತ್ರದಲ್ಲಿ, ಇಂಥವರು ತೆಗೆದುಕೊಳ್ಳುವುದು ಬೇಡ ಅಂತಿತ್ತು. ಒಂದು ಕಾಗದ ಎಚ್ಚರ ಅಂದಿತು, ಇನ್ನೊಂದು ಬೇಡ ಅಂದಿತು. ಎರಡೂ ಕಾಗದ ಹಳ್ಳಿಗೆ ಬರುವ ಹೊತ್ತಿಗೆ ಉಳಿದದ್ದು ಬೇಡ ಅನ್ನುವುದೊಂದೇ. ಭಾಲ್ಕಿ ಕಡೆಯ ನಮ್ಮ ಪರಿಚಯದ ಒಬ್ಬರು, ಇದೇ ರೋಗ ಇರುವವರು, ಊರುಗೋಲು ಹಿಡಿದು ಎರಡು ಸಲ ಲಸಿಕೆ ಕೇಂದ್ರಕ್ಕೆ ಹೋಗಿ ಎರಡು ಸಲವೂ ತಿರುಗಿ ಬಂದರು. "ಖರೇ ಹೇಳಿದ್ದಕ್ಕ ವಾಪಸ್ ಕಳಿಸ್ಯಾರ, ಸುಳ್ಳ ಹೇಳಿದ್ರ ಹಾಕ್ತಿದ್ರು ನೋಡ್ರಿ" ಅಂದರು. ನಮಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ನಿಜ ಹೇಳಿದವನಿಗೆ ಬಾಗಿಲು ಮುಚ್ಚುವ ವ್ಯವಸ್ಥೆ ಜನರಿಗೆ ಸುಳ್ಳು ಹೇಳಲು ಕಲಿಸುತ್ತದೆ. ಸುಳ್ಳು ಹೇಳಿ ಹಾಕಿಸಿಕೊಂಡ ಸೂಜಿಯನ್ನು ಯಾರು ಹತ್ತು ನಿಮಿಷ ಒತ್ತಿ ಹಿಡಿಯುತ್ತಾರೆ?

ಹೌದು, ಹತ್ತು ನಿಮಿಷ. ಈ ಬರಹದ ತಿರುಳು ಇಷ್ಟೇ. ಕೊರೋನಾ ಲಸಿಕೆ ಬಂದಾಗ ವಿಶ್ವ ಹಿಮೋಫಿಲಿಯಾ ಒಕ್ಕೂಟ ಯುರೋಪು, ಅಮೆರಿಕದ ಸಂಘಟನೆಗಳ ಜೊತೆ ಕೂಡಿ ಒಂದು ಮಾರ್ಗದರ್ಶನ ಕೊಟ್ಟಿತು. ಅದರ ಸಾರ, ರಕ್ತಸ್ರಾವದ ರೋಗ ಇದೆ ಎಂಬ ಕಾರಣಕ್ಕೆ ಲಸಿಕೆ ತಪ್ಪಿಸಬೇಡಿ ಅನ್ನುವುದು. ಆಮೇಲೆ ವಿಧಾನ. ಸಿಗುವುದರಲ್ಲಿ ಅತಿ ಸಣ್ಣ ಸೂಜಿ ಬಳಸಿ, 25ರಿಂದ 27 ಗೇಜಿನದು. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಪೂರ ಅಂತ ತಿಳಿಯಬೇಕು. ಚುಚ್ಚಿದ ಜಾಗವನ್ನು ಕಮ್ಮಿ ಎಂದರೂ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕೆಲವು ನಿಮಿಷ ಬಿಟ್ಟು ಒಮ್ಮೆ, ಎರಡರಿಂದ ನಾಲ್ಕು ತಾಸಿಗೆ ಮತ್ತೊಮ್ಮೆ ಮುಟ್ಟಿ ನೋಡಿ, ಊತ ಬಂದಿದೆಯೇ ಅಂತ. ಒಂದೆರಡು ದಿನದ ನೋವಿಗೆ ಹೆದರಬೇಕಾಗಿಲ್ಲ. ನೋವು ಹೆಚ್ಚುತ್ತ, ಊತ ಬೆಳೆಯುತ್ತ ಹೋದರೆ ಕೂಡಲೇ ಚಿಕಿತ್ಸೆಯ ಕೇಂದ್ರಕ್ಕೆ ತಿಳಿಸಿ. ತೀವ್ರ ಅಥವಾ ಮಧ್ಯಮ ಬಗೆಯವರಿಗೆ ಮೊದಲು ಫ್ಯಾಕ್ಟರ್ ಕೊಟ್ಟು ಆಮೇಲೆ ಸೂಜಿ ಮಾಡಿ. ಫ್ಯಾಕ್ಟರ್ ಮಟ್ಟ ನೂರಕ್ಕೆ 10ಕ್ಕಿಂತ ಮೇಲಿದ್ದವರಿಗೆ ಅದೂ ಬೇಕಿಲ್ಲ.

ಇದರ ಮೇಲೆ ನಾವು ಕಷ್ಟಪಟ್ಟು ಕಲಿತ ನಾಲ್ಕು ಮಾತು. ಒತ್ತುವುದು ಅಂದರೆ ಉಜ್ಜುವುದಲ್ಲ. ನಮ್ಮಲ್ಲಿ ಸೂಜಿ ಮಾಡಿದ ಕೂಡಲೇ ಹತ್ತಿಯಿಂದ ತಿಕ್ಕುವ ರೂಢಿ ಇದೆ, ಇವರಿಗೆ ಅದು ಕೂಡದು. ಬಟ್ಟೆಯಲ್ಲಿ ಸುತ್ತಿದ ಬರ್ಫ ಇಟ್ಟರೆ ಒಳ್ಳೆಯದು. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು, ಆಸ್ಪಿರಿನ್, ಐಬುಪ್ರೊಫೇನ್ ಥರದ ಗುಳಿಗೆ ಕೊಡಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಊದಿದ ಜಾಗಕ್ಕೆ ಬ್ಲೇಡು ಹಾಕಿಸಬೇಡಿ. ನಮ್ಮ ಕೂಸಿನ ತೊಡೆಯ ಮೇಲೆ ಆ ಗುರುತು ಇವತ್ತಿಗೂ ಇದೆ.

ಇದನ್ನೆಲ್ಲ ನಮಗೆ ತಿಳಿಸಿದ್ದು ಇದೇ ರೋಗದವರು ಕಟ್ಟಿಕೊಂಡ ಸಂಘಗಳ ತಿಳಿವಳಿಕೆ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ವೈದ್ಯರು, ತಾವೇ ಹಿಮೋಫಿಲಿಯಾ ಇರುವವರು. ದೇಶದ ಮಟ್ಟದ ಒಕ್ಕೂಟವನ್ನು 1983ರಲ್ಲಿ ಶುರು ಮಾಡಿದ ಅಶೋಕ್ ಬಹಾದ್ದೂರ್ ವರ್ಮಾ ಅವರೂ ಇದೇ ನೋವುಂಡವರು. 1963ರಲ್ಲಿ ವಿಶ್ವ ಒಕ್ಕೂಟ ಕಟ್ಟಿದ ಕೆನಡಾದ ಫ್ರಾಂಕ್ ಷ್ನಾಬೆಲ್ ಅವರೂ ಅಷ್ಟೇ. ಅವರ ಹುಟ್ಟಿದ ದಿನ ಏಪ್ರಿಲ್ 17ನ್ನೇ 1989ರಿಂದ ಹಿಮೋಫಿಲಿಯಾ ದಿನ ಅಂತ ಆಚರಿಸುತ್ತಾರೆ. ಅಂದರೆ ಇದನ್ನು ಮೇಲಿನಿಂದ ಯಾರೂ ಇಳಿಸಿ ಕೊಟ್ಟದ್ದಲ್ಲ. ರೋಗ ಇದ್ದವರೇ ಒಟ್ಟಾದರು, ಕಲಿತರು, ಕೇಳಿ ಪಡೆದರು. ಈ ದಾರಿ ನಮಗೆ ಬಾಬಾಸಾಹೇಬರಿಂದ ಗೊತ್ತಿದ್ದದ್ದೇ. ಆದರೆ ನಮ್ಮ ಊರಿಂದ ದಾವಣಗೆರೆಗೆ ಹತ್ರ ಹತ್ರ ಐದುನೂರು ಕಿಲೋಮೀಟರು. ತಿಳಿವಳಿಕೆ ಅಷ್ಟು ದೂರ ನಡೆದು ಬರುವ ಹೊತ್ತಿಗೆ ನಮ್ಮ ಹುಡುಗನ ಬಾಲ್ಯ ಅರ್ಧ ಮುಗಿದಿತ್ತು. ನಮ್ಮ ಕವಿತೆಗಳಲ್ಲಿ ರಕ್ತ ಬಹಳ ಹರಿದಿದೆ, ಸಂಗಾತಿಗಳೆ. ವೇದಿಕೆ ಮೇಲೆ ಆ ಶಬ್ದ ಎಷ್ಟು ಸಲ ಕೂಗಿದ್ದೇವೋ ಲೆಕ್ಕವಿಲ್ಲ. ನಮ್ಮ ಕೇರಿಯ ಒಂದು ಕೂಸಿನ ರಕ್ತ ನಿಲ್ಲಿಸುವುದು ಹೇಗೆ ಅಂತ ಮಾತ್ರ ನಾವು ಕೇಳಿ ತಿಳಿದಿರಲಿಲ್ಲ.

ಈಗ ಸಾಲಿಯ ಬಾಗಿಲಿಗೆ ತಿರುಗಿ ಬರೋಣ.

ಹುಡುಗ ಹಾಗೆ ಕೇಳಿದ ಮೇಲೆ ನಾವು ಬೀದರಿಗೆ ಹೋಗಿ ಡಾಕ್ಟರರನ್ನು ಕೇಳಿದೆವು. ಟಿಡಿ ಹಾಕಿಸಲೇಬೇಕು, ಫ್ಯಾಕ್ಟರ್ ಕೊಟ್ಟ ದಿನವೇ ಹಾಕಿಸಿ ಅಂದರು, ಚೀಟಿ ಬರೆದುಕೊಟ್ಟರು. ಸೂಜಿಯನ್ನೂ ಬೀದರಿನಲ್ಲೇ ಮಾಡಿಸಿ ಮುಗಿಸಬಹುದಿತ್ತು. ಬೇರೆಯವರಿಗೆ ನಾವು ಹೇಳುವುದೂ ಅದನ್ನೇ, ಒಂದೇ ಕಡೆ, ಒಂದೇ ಸಲ ಮುಗಿಸಿರಿ. ಆದರೆ ನಮ್ಮ ಅಕ್ಕ ಹಟ ಹಿಡಿದಳು.

"ಅವನಿಗಿ ಹೊರಗ ನಿಲ್ಲಿಸಿದ್ದು ಆ ಸಾಲ್ಯಾಗ. ಆ ಸಾಲ್ಯಾಗೇ ಆಗಬೇಕು. ಎಲ್ಲಾರೂ ನೋಡಬೇಕು."

ಬಿಟ್ಟುಹೋದ ಮಕ್ಕಳಿಗಾಗಿ ನರ್ಸಬಾಯಿ ಮತ್ತೆ ಬರುವ ದಿನ ಗೊತ್ತು ಮಾಡಿಕೊಂಡೆವು. ಅವತ್ತು ಬೆಳಿಗ್ಗೆ ಬೀದರಿನಲ್ಲಿ ನರಕ್ಕೆ ಫ್ಯಾಕ್ಟರ್ ಏರಿಸಿಕೊಂಡು, ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಊರಿಗೆ ಬಂದೆವು. 8ನೇ ಫ್ಯಾಕ್ಟರಿನ ಬಲ ಎಂಟು ಹನ್ನೆರಡು ತಾಸಿಗೆ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಗಡಿಯಾರ ನೋಡುತ್ತಲೇ ಬಂದೆವು. ನರ್ಸಬಾಯಿ ಚೀಟಿ ಓದಿದರು, ಎರಡು ಸಲ ಓದಿದರು. ಅವರ ಕೈ ನಡುಗುತ್ತಿದ್ದದ್ದು ನಮಗೆ ಕಂಡಿತು. ಅವರನ್ನು ಶತ್ರು ಅಂತ ಬರೆಯಲು ನಮಗೆ ಮನಸ್ಸಿಲ್ಲ. ಮೂರು ಹಳ್ಳಿ ನೋಡುವ ಒಬ್ಬಳೇ ಹೆಣ್ಣುಮಗಳು. ಮಗುವಿಗೆ ಏನಾದರೂ ಆದರೆ ಮೇಲಿನವರು ಮೊದಲು ಹಿಡಿಯುವುದು ಅವಳ ಕೊರಳನ್ನೇ. ಇಂಥ ಮಗುವಿಗೆ ಹೇಗೆ ಸೂಜಿ ಮಾಡಬೇಕು ಅಂತ ಅವಳಿಗೂ ಯಾರೂ ಕಲಿಸಿರಲಿಲ್ಲ.

ಸೂಜಿ ಆಯಿತು. ಹತ್ತಿ ಇಟ್ಟು ಒತ್ತಿದರು. ಒಂದು ನಿಮಿಷವಾದ ಮೇಲೆ ಮುಂದಿನ ಮಗುವಿನ ಕಡೆ ನೋಡಿದರು. ಅಕ್ಕ ಮುಂದೆ ಬರುವಷ್ಟರಲ್ಲಿ ಮಾಸ್ತರ್ರು ಎದ್ದರು. ಅವತ್ತು ಹೊರಗೆ ಕಳಿಸಿದ್ದರಲ್ಲ, ಅವರೇ.

"ಬಿಡ್ರಿ ಬಾಯಾರ, ನಾ ಹಿಡೀತೀನಿ. ಹತ್ತು ನಿಮಿಷ ಅಲ್ಲೇನು?"

ಗೋಡೆ ಗಡಿಯಾರ ನೋಡುತ್ತ ಹುಡುಗನ ತೋಳಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಮಕ್ಕಳು ನಿಮಿಷ ಎಣಿಸಿದರು, ಏಳು, ಎಂಟು, ಒಂಬತ್ತು. ಹತ್ತಾದ ಮೇಲೆ ಹತ್ತಿ ತೆಗೆದು ನೋಡಿದರು. ಒಂದು ಸಣ್ಣ ಕೆಂಪು ಚುಕ್ಕಿ, ಅಷ್ಟೇ. ಸಂಜೆಗೆ ನಾವು ಮುಟ್ಟಿ ನೋಡಿದಾಗಲೂ ಅಷ್ಟೇ.

ಗೆಳೆಯರೆ, ಆ ಮಾಸ್ತರ್ರು ನಮ್ಮ ಕೇರಿಗೆ ಬಂದರೆ ನೀರು ಕುಡಿಯುವುದಿಲ್ಲ. ಹುಡುಗ ಹೇಗಿದ್ದಾನೆ ಅಂತ ಕೇಳಲು ಮರುದಿನ ಬಂದಾಗಲೂ ಕುಡಿಯಲಿಲ್ಲ. ಅಕ್ಕ ತಂದಿಟ್ಟ ತಂಬಿಗೆ ಹಾಗೇ ಇತ್ತು. ಹತ್ತು ನಿಮಿಷ ನಮ್ಮ ಹುಡುಗನ ತೋಳು ಹಿಡಿದ ಕೈಯೂ ಅದೇ, ತಂಬಿಗೆ ಮುಟ್ಟದ ಕೈಯೂ ಅದೇ. ಎರಡೂ ಖರೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ನಮಗೆ ಆಗುವುದಿಲ್ಲ. ಆದರೆ ಇಷ್ಟು ಗೊತ್ತಾಯಿತು. ಈ ಮಗುವಿಗೆ ಬೇಕಾದದ್ದು ಬಿಟ್ಟುಬಿಡುವ ಎಚ್ಚರವಲ್ಲ, ಮುಟ್ಟಿ ಹಿಡಿಯುವ ಎಚ್ಚರ. ನಮ್ಮನ್ನು ಮುಟ್ಟದೆ ಇರುವುದು ಈ ನಾಡಿಗೆ ಸಾವಿರ ವರ್ಷದ ಅಭ್ಯಾಸ. ಅದಕ್ಕೇ 'ಎಚ್ಚರದಿಂದ ಕೊಡಿ' ಅನ್ನುವ ಮಾತು ನಮ್ಮ ಕೇರಿಗೆ ಬರುವ ಹೊತ್ತಿಗೆ 'ದೂರ ಇಡಿ' ಅಂತ ಆಗಿಬಿಡುತ್ತದೆ, ಹೇಳಿದವರಿಗೂ ಗೊತ್ತಾಗದ ಹಾಗೆ. ಹುಡುಗನ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇದು.

ಈಗ ಕೇಳಬೇಕಾದದ್ದು ಕೇಳೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾವೂ ಸೇರಿದೆ, ಥಲಸ್ಸೀಮಿಯಾ, ಸಿಕಲ್ ಸೆಲ್ ರೋಗಗಳೂ ಸೇರಿವೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿರಿ. ನೂರಕ್ಕೆ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಉನ್ನತ ಶಿಕ್ಷಣದಲ್ಲಿ ಮೀಸಲಾತಿ ಇದೆ. ನೌಕರಿಯ ಮೀಸಲಾತಿಯಲ್ಲಿ ಈ ರಕ್ತದ ರೋಗಗಳನ್ನು ಸೇರಿಸಿಲ್ಲ. ಅದಕ್ಕೆ ದನಿ ಎತ್ತಬೇಕು. ಫ್ಯಾಕ್ಟರ್ ಔಷಧಿಯನ್ನು ಫ್ರಿಜ್ಜಿನಲ್ಲಿ ಇಡಬೇಕು, ಲಸಿಕೆ ಇಡುವ ಹಾಗೆ. ಲಸಿಕೆ ಇಡಲು ತಾಲೂಕಿನಲ್ಲಿ ಜಾಗವಿದೆ ಅಂದರೆ ಫ್ಯಾಕ್ಟರಿಗೂ ಜಾಗ ಇರಬೇಕು. ಮಗುವಿನ ತಾಯಿ ಕಾರ್ಡಿನ ಮೇಲೆ, 'ರಕ್ತ ತಡವಾಗಿ ನಿಲ್ಲುತ್ತದೆ, ಸಣ್ಣ ಸೂಜಿ ಬಳಸಿ, ಹತ್ತು ನಿಮಿಷ ಒತ್ತಿ, ಉಜ್ಜಬೇಡಿ, ಲಸಿಕೆ ತಪ್ಪಿಸಬೇಡಿ' ಅಂತ ಡಾಕ್ಟರ ಕೈಯಲ್ಲಿ ಕನ್ನಡದಲ್ಲೂ ನಮ್ಮಂಥ ಗಡಿಯವರಿಗೆ ಮರಾಠಿಯಲ್ಲೂ ಬರೆಸಿರಿ.

ಮಾಸ್ತರರೆ, ನಿಮ್ಮ ಇಯತ್ತೆಯಲ್ಲಿ ಆಗಾಗ ಮೊಣಕಾಲು ಊದುವ, ಹಲ್ಲು ಬಿದ್ದರೆ ದಿನಗಟ್ಟಲೆ ರಕ್ತ ಬರುವ, ಸುಮ್ಮ ಸುಮ್ಮನೆ ಮೈ ನೀಲಿಗಟ್ಟುವ ಮಗು ಇದ್ದರೆ ಸೋಮಾರಿ ಅನ್ನಬೇಡಿ, ಜಿಲ್ಲಾ ಆಸ್ಪತ್ರೆಗೆ ಕಳಿಸಿರಿ. ಹೆಣ್ಣುಮಕ್ಕಳೂ ಇರಬಹುದು. ಫಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ರಕ್ತಸ್ರಾವದ ರೋಗ ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಮುಟ್ಟಿನ ರಕ್ತ ವಾರಗಟ್ಟಲೆ ನಿಲ್ಲದೆ ಸಾಲಿ ಬಿಟ್ಟ ಹುಡುಗಿಯರಲ್ಲಿ ಅಂಥವರು ಇದ್ದಾರು. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಭಾಲ್ಕಿಯ ಆ ಹಿರಿಯರಿಗೆ ಮೂರನೇ ಸಲ ಲಸಿಕೆ ಸಿಕ್ಕಿತು. ಬೀದರಿನಲ್ಲಿ ಬೆಳಿಗ್ಗೆ ಫ್ಯಾಕ್ಟರ್ ಏರಿಸಿಕೊಂಡು ಹೋದರು. ಸೂಜಿಯ ಜಾಗವನ್ನು ಒತ್ತಿ ಹಿಡಿದದ್ದು ಅವರೇ, ತಮ್ಮದೇ ಇನ್ನೊಂದು ಕೈಯಿಂದ.

ನಮ್ಮ ಹುಡುಗನಿಗೆ 16ಕ್ಕೆ ಮತ್ತೊಂದು ಟಿಡಿ ಇದೆ. ಅದು 2030ನೇ ಇಸವಿ. ಕಾರ್ಡಿನ ಮೇಲೆ ತಾನೇ ಬರೆದುಕೊಂಡಿದ್ದಾನೆ. ಆಗ ಫ್ಯಾಕ್ಟರಿಗಾಗಿ ಬೀದರಿಗೆ ಹೋಗಬೇಕೋ, ಕಮಲನಗರದಲ್ಲೇ ಸಿಗುತ್ತದೋ ಅಂತ ಮೊನ್ನೆ ನಮ್ಮನ್ನು ಕೇಳಿದ. ಕೇಳೋಣ ನಡಿ ಅಂದೆವು. ಮುಂದಿನ ಸೋಮವಾರ ತಾಲೂಕು ಕಚೇರಿಗೆ ಮನವಿ ಕೊಡಲು ಹೊರಟಿದ್ದೇವೆ. ಅವನೂ ಬರುತ್ತೇನೆ ಅಂದಿದ್ದಾನೆ. ಬರುವವರು ಬರ್ರಿ.